ಪರದೇಶದ ಚಾಕೊಲೇಟು, ನಮ್ಮ ತೋಟದ ಕೊಕ್ಕೋ

ಅಡಿಕೆ ತೋಟಕ್ಕೆ ಕೊಕ್ಕೋ ಗಿಡ ಬಂದುದರ ಹಿಂದೆ ಒಂದು ಇಂಗ್ಲಿಷ್ ಮಿಠಾಯಿ ಕಂಪೆನಿಯ ಕಥೆಯಿದೆ.

ಜಾನ್ ಕ್ಯಾಡ್ಬರಿ ಎಂಬವರು 1824ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತೆರೆದದ್ದು ಚಹಾ, ಕಾಫಿ, ಕುಡಿಯುವ ಚಾಕೊಲೇಟುಗಳ ಅಂಗಡಿ. ಆ ಉದ್ಯಮ 1919ರಲ್ಲಿ ಬ್ರಿಸ್ಟಲಿನ ಫ್ರೈ ಸಂಸ್ಥೆಯೊಡನೆ ಕೂಡಿಕೊಂಡಿತು. ನಮಗೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅದು ಭಾರತದಲ್ಲಿ ನೆಲೆಯೂರಿತು. ಮೊದಮೊದಲು ತಯಾರಿಕೆಯೇನಿಲ್ಲ, ಹೊರಗಿನಿಂದ ತಂದ ಚಾಕೊಲೇಟನ್ನು ಇಲ್ಲಿ ಮತ್ತೆ ಕಟ್ಟಿ ಮಾರುವುದಷ್ಟೇ. ಇಲ್ಲಿಯೇ ತಯಾರಿಸಹೊರಟಾಗ ಬೀಜದ ಪ್ರಶ್ನೆ ಎದ್ದಿತು. ವಿದೇಶೀ ವಿನಿಮಯಕ್ಕೆ ಬರಗಾಲವಿದ್ದ ದಿನಗಳವು. 1965ರ ಹೊತ್ತಿಗೆ ಕಂಪೆನಿ ಕೇರಳದಲ್ಲಿ ಕೊಕ್ಕೋ ಕೃಷಿಗೆ ಪ್ರೋತ್ಸಾಹ ಕೊಡತೊಡಗಿತು. ವಯನಾಡಿನ ಚುಂಡೇಲಿನಲ್ಲಿ ಮಾದರಿ ತೋಟವೂ ಎದ್ದಿತು.

ನೆರಳು ಬಯಸುವ ಈ ಗಿಡಕ್ಕೆ ಅಡಿಕೆ ತೋಟದ ತಂಪು ಹೇಳಿ ಮಾಡಿಸಿದಂತಿತ್ತು. ವಿಟ್ಲದ ಸಂಶೋಧನಾ ಕೇಂದ್ರವೂ ಈ ಮಿಶ್ರಬೆಳೆಯ ಅಧ್ಯಯನ ನಡೆಸಿತು. ಎಪ್ಪತ್ತರ ದಶಕದಲ್ಲಿ ದಕ್ಷಿಣ ಕನ್ನಡದ ತೋಟಗಳಲ್ಲಿ ಕೊಕ್ಕೋ ಹಬ್ಬಿತು.

ಆದರೆ ಅಡಿಕೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ಧಾರಣೆ ಇಳಿದರೆ ಒಣ ಅಡಿಕೆಯನ್ನು ಅಟ್ಟದಲ್ಲಿಟ್ಟು ಕಾಯಬಹುದು. ಕಾಯಿ ಒಡೆದು ತೆಗೆದ ಹಸಿ ಕೊಕ್ಕೋ ಕಾಯುವುದಿಲ್ಲ. ಐದಾರು ದಿನ ರಾಶಿ ಹಾಕಿ ಹುಳಿಯಿಸಿ ಒಣಗಿಸಿದರೇ ಚಾಕೊಲೇಟಿನ ಪರಿಮಳ ಬರುವುದು. ಹತ್ತು ಕಿಲೋ ಇರುವವನ ರಾಶಿ ಬಿಸಿಯೇರುವುದಿಲ್ಲ. ಮಳೆಗಾಲದಲ್ಲಂತೂ ಬಿಸಿಲೂ ಇಲ್ಲ. ಆದ್ದರಿಂದ ಸಣ್ಣ ಬೆಳೆಗಾರ ಹಸಿಯಾಗಿಯೇ, ಕೊಳ್ಳುವವ ಹೇಳಿದ ದರಕ್ಕೆ ಕೊಡಬೇಕು. ಕೊಳ್ಳುವವರೋ ಬೆರಳೆಣಿಕೆಯಷ್ಟು.

1980ರ ಸುಮಾರಿಗೆ ಧಾರಣೆ ಕುಸಿದಾಗ ಈ ದೌರ್ಬಲ್ಯ ಬಯಲಾಯಿತು. ಫಲ ಬಿಡುತ್ತಿದ್ದ ಗಿಡಗಳನ್ನೇ ಅನೇಕರು ಕಡಿದು ಹಾಕಿದರು. ಆಗ ಖರೀದಿಗೆ ಇಳಿದದ್ದು, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ. ಕೊಂಡ ಬೀಜಕ್ಕೆ ದಾರಿ ಬೇಕಲ್ಲ? 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯೇ ಎದ್ದು ನಿಂತಿತು. ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದರು. ಅಡಿಕೆ ಸುಲಿಯುವವರಿಗೆ ಚಾಕೊಲೇಟು ಗೊತ್ತೇ ಎಂದು ಕೇಳುವವರಿಗೆ ಯಂತ್ರಗಳೇ ಉತ್ತರ ಕೊಟ್ಟವೆನ್ನಬಹುದು.

ಇತ್ತ ಕ್ಯಾಡ್ಬರಿ ಒಂದಷ್ಟು ಕಾಲ ಹಿಂದುಸ್ತಾನ್ ಕೋಕೋ ಪ್ರಾಡಕ್ಟ್ಸ್ ಎಂಬ ಹೆಸರು ಹೊತ್ತು, ಮತ್ತೆ ಹಳೆಯ ಹೆಸರಿಗೆ ಮರಳಿತು. 2010ರಲ್ಲಿ ಮಾತೃಸಂಸ್ಥೆಯನ್ನೇ ಅಮೆರಿಕದ ಕ್ರಾಫ್ಟ್ ಕೊಂಡಿತು. 2014ರಲ್ಲಿ ಭಾರತದ ಕಂಪೆನಿ ಮೊಂಡೆಲೀಜ್ ಆಯಿತು. ಹೊದಿಕೆಯ ಮೇಲಿನ ಹೆಸರು ಮಾತ್ರ ಕ್ಯಾಡ್ಬರಿಯೇ.

2024ರಲ್ಲಿ ಘಾನಾ, ಐವರಿ ಕೋಸ್ಟುಗಳಲ್ಲಿ ಬೆಳೆ ಕೈಕೊಟ್ಟು, ಜಾಗತಿಕ ಪೇಟೆಯಲ್ಲಿ ಒಣ ಬೀಜ ಟನ್ನಿಗೆ 10,000 ಡಾಲರು ದಾಟಿತು. ಕಡಿಯದೆ ಉಳಿಸಿಕೊಂಡವರ ತೋಟಗಳಲ್ಲಿ ಅಳಿಲು, ಮಂಗಗಳ ಕಾವಲು ಆಗ ಬಲವಾಯಿತು.