ಬಸಪ್ಪನ ಹೆಸರಿಗೆ ಎಷ್ಟು ಜಾಗ?

‘ಬಸಪ್ಪ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ? ಮೂರು ಎನ್ನುತ್ತೇವೆ ನಾವು. ಗಣಕಯಂತ್ರದ ಲೆಕ್ಕವೇ ಬೇರೆ. ಅದಕ್ಕೆ ಅವು ಐದು ಸಂಕೇತಗಳು: ಬ, ಸ, ಪ, ಒತ್ತು ಕೂಡಿಸುವ ಚಿಹ್ನೆ, ಮತ್ತೊಂದು ಪ.

1963ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಸ್ಕಿ ಪಟ್ಟಿ ಇಂಗ್ಲಿಷಿನ ಅಳತೆಯದು. ಅಲ್ಲಿ ಒಂದಕ್ಷರಕ್ಕೆ ಒಂದು ಬೈಟ್ ಸಾಕು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಬಸಪ್ಪನಿಗೆ ಒಟ್ಟು 15.

ಲಿನಕ್ಸ್‌ನ ‘ಹೆಡ್’ ಆದೇಶಕ್ಕೆ ಈ ಹೆಸರಿನ ಮೊದಲ 10 ಬೈಟ್ ಕೇಳಿದರೆ ಅದು ನಾಲ್ಕನೆಯ ಸಂಕೇತವನ್ನು ನಡುವೆಯೇ ಸೀಳುತ್ತದೆ. ತೆರೆಯ ಮೇಲೆ ಉಳಿಯುವುದು ‘ಬಸಪ’ ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ. ಆದ್ದರಿಂದ ಪ್ರೋಗ್ರಾಂ ಬರೆಯುವವರು ಎಣಿಸಬೇಕಾದ್ದು ಬೈಟನ್ನಲ್ಲ, ಓದುವವರ ಅಕ್ಷರವನ್ನು. ಒತ್ತು ಕಳೆದುಕೊಂಡ ಹೆಸರು ಪಡಿತರ ಚೀಟಿಯಲ್ಲೋ ಪಹಣಿಯಲ್ಲೋ ಬೇರೊಬ್ಬನ ಹೆಸರಾಗಿಬಿಡಬಹುದು.