ನೆನಪಿಗೂ ಮೇಂಟೆನೆನ್ಸ್ ಬೇಕು: ಡಂಕರ್ಕ್‌ನ ಪುಟ್ಟ ದೋಣಿಗಳು

ಕ್ರಿಸ್ಟೋಫರ್ ನೋಲನ್ ಅವರ 'ಡಂಕರ್ಕ್' ಸಿನಿಮಾ 2017ರಲ್ಲಿ ಬಂತು. ಥಿಯೇಟರ್‌ನಲ್ಲಿ ಅಲ್ಲದಿದ್ದರೂ ಹಾಸ್ಟೆಲ್ ರೂಮಿನ ಲ್ಯಾಪ್‌ಟಾಪಿನಲ್ಲಾದರೂ ನಮ್ಮಲ್ಲಿ ಸುಮಾರು ಜನ ಅದನ್ನು ನೋಡಿದ್ದೇವೆ. ಅದರಲ್ಲಿ ಸೈನಿಕರನ್ನು ಕರೆದೊಯ್ಯಲು ಪುಟ್ಟ ಪುಟ್ಟ ದೋಣಿಗಳ ಸಾಲು ಬರುತ್ತದಲ್ಲ, ಆ ಸಾಲಿನ ಹಲವು ದೋಣಿಗಳು 1940ರಲ್ಲಿ ನಿಜವಾಗಿಯೂ ಅಲ್ಲಿಗೆ ಹೋಗಿ ಬಂದವೇ.

ಆ ದೋಣಿಗಳಿಗೆ ಇವತ್ತಿಗೂ ಮಾಲೀಕರಿದ್ದಾರೆ. ರಜೆಯ ದಿನ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಥೇಮ್ಸ್ ನದಿಯಲ್ಲಿ ಒಂದು ಸುತ್ತು ಹೋಗ್ತಾರೆ, ಡೆಕ್ ಮೇಲೆ ಕೂತು ಟೀ ಕುಡೀತಾರೆ, ಬಿಡುವಿನಲ್ಲಿ ಮರ ಉಜ್ಜಿ ಬಣ್ಣ ಹೊಡೀತಾರೆ. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಅದೇ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ, ಫ್ರಾನ್ಸ್‌ನ ಡಂಕರ್ಕ್‌ಗೆ ಹೋಗಿ, ಅಲ್ಲಿ ಸತ್ತವರಿಗೆ ಗೌರವ ಸಲ್ಲಿಸಿ ಬರ್ತಾರೆ.

ಯುದ್ಧ ಸ್ಮಾರಕ ಅಂದ ತಕ್ಷಣ ನಮಗೆ ನೆನಪಾಗೋದು ಕಲ್ಲಿನ ಕಂಬ, ಕೆತ್ತಿದ ಹೆಸರುಗಳು, ವರ್ಷಕ್ಕೊಮ್ಮೆ ಹೂವಿನ ಹಾರ. ಇಲ್ಲಿ ಸ್ಮಾರಕವೇ ನೀರು ಕುಡಿಯುತ್ತದೆ, ತುಕ್ಕು ಹಿಡಿಯುತ್ತದೆ, ಡೀಸೆಲ್ ಕೇಳುತ್ತದೆ. ಇಂಥ ಸ್ಮಾರಕ ಹೇಗೆ ಉಳಿದಿದೆ, ಅದು ಏನನ್ನು ನೆನಪಿಡುತ್ತದೆ, ಏನನ್ನು ಮರೆಯುತ್ತದೆ ಅಂತ ಈ ಲೇಖನದಲ್ಲಿ ನೋಡೋಣ.

ಒಂಬತ್ತು ದಿನಗಳಲ್ಲಿ ಆಗಿದ್ದೇನು?

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸ್‌ಗೆ ನುಗ್ಗಿತು. ಬ್ರಿಟಿಷ್, ಫ್ರೆಂಚ್ ಮತ್ತು ಬೆಲ್ಜಿಯಂ ಪಡೆಗಳು ಸಮುದ್ರದ ಕಡೆಗೆ ತಳ್ಳಲ್ಪಟ್ಟು ಮೂಲೆ ಸೇರಿದವು. ಸೈನಿಕರನ್ನು ಡಂಕರ್ಕ್‌ನಿಂದ ಹೊರಗೆ ಸಾಗಿಸುವ 'ಆಪರೇಷನ್ ಡೈನಮೊ' ಮೇ 26ರ ಸಂಜೆ ಶುರುವಾಯ್ತು. ಡೋವರ್ ಕೋಟೆಯ ಕೆಳಗಿನ ಸುರಂಗಗಳಲ್ಲಿ ಕೂತು ಇದನ್ನು ನಡೆಸಿದವರು ವೈಸ್ ಅಡ್ಮಿರಲ್ ಬರ್ಟ್ರಮ್ ರ‍್ಯಾಮ್ಸೆ. ಮೊದಲ ಪೂರ್ತಿ ದಿನ, ಅಂದರೆ ಮೇ 27ರಂದು, ಇಂಗ್ಲೆಂಡ್ ತಲುಪಿದವರು 7,669 ಮಂದಿ ಮಾತ್ರ. ಜೂನ್ 4ಕ್ಕೆ ಎಲ್ಲ ಮುಗಿಯುವಷ್ಟರಲ್ಲಿ ಆ ಲೆಕ್ಕ 3,38,226ಕ್ಕೆ ಏರಿತ್ತು. ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಫ್ರೆಂಚರು.

ದಾರಿ ಕೂಡ ಸುಲಭದ್ದಲ್ಲ. ಡೋವರ್‌ನಿಂದ ಹತ್ತಿರದ 'ಝಡ್' ಮಾರ್ಗ 39 ನಾಟಿಕಲ್ ಮೈಲಿ. ಆದರೆ ಅದು ಕ್ಯಾಲೆ ಬಳಿಯ ಜರ್ಮನ್ ಫಿರಂಗಿಗಳ ಕಣ್ಣಿಗೆ ಬೀಳುತ್ತಿತ್ತು. ಸುತ್ತಿಕೊಂಡು ಹೋಗುವ 'ವೈ' ಮಾರ್ಗ 87 ಮೈಲಿ. ಆಮೇಲೆ ಮೈನ್‌ಗಳ ನಡುವೆ ದಾರಿ ಬಿಡಿಸಿಕೊಂಡು 55 ಮೈಲಿಯ 'ಎಕ್ಸ್' ಮಾರ್ಗ ತೆರೆದರು.

ದೊಡ್ಡ ಹಡಗು ಯಾಕೆ ಸಾಲಲಿಲ್ಲ?

ಇದು ನಮ್ಮಂಥವರಿಗೆ ಬೇಗ ಅರ್ಥವಾಗುವ ಸಮಸ್ಯೆ. ಡಂಕರ್ಕ್‌ನ ಮರಳ ದಂಡೆ ತುಂಬಾ ನಿಧಾನವಾಗಿ ಇಳಿಯುತ್ತದೆ. ಲೆಕ್ಕಕ್ಕೆ 100 ಮೀಟರಿಗೆ 1 ಮೀಟರ್ ಇಳಿಜಾರು ಅಂತ ಇಟ್ಟುಕೊಳ್ಳಿ. ಒಂದು ಡಿಸ್ಟ್ರಾಯರ್ ತೇಲೋಕೆ ಕನಿಷ್ಠ 4 ಮೀಟರ್ ನೀರು ಬೇಕು ಅಂದ್ರೆ ಅದು ದಡದಿಂದ 400 ಮೀಟರ್ ಆಚೆಯೇ ನಿಲ್ಲಬೇಕು. ಅಲೆ, ಸುರಕ್ಷತೆಯ ಅಂತರ ಎಲ್ಲ ಸೇರಿಸಿದರೆ ಇನ್ನೂ ದೂರ. ಅದರ ಮೇಲೆ ಉಬ್ಬರ-ಇಳಿತ: ಇಳಿತದ ಹೊತ್ತಿಗೆ ನೀರು ನೂರಾರು ಮೀಟರ್ ಹಿಂದಕ್ಕೆ ಸರಿಯುತ್ತದೆ. ಸೈನಿಕರು ಕತ್ತಿನ ಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಕಾಯಬೇಕಿತ್ತು.

ಸೈನಿಕರೇ ಒಂದು ಉಪಾಯ ಮಾಡಿದರು. ನೀರು ಇಳಿದಾಗ ಲಾರಿಗಳನ್ನು ಒಂದರ ಹಿಂದೆ ಒಂದರಂತೆ ಸಮುದ್ರದೊಳಕ್ಕೆ ಓಡಿಸಿ ನಿಲ್ಲಿಸಿ, ಮೇಲೆ ಹಲಗೆ ಹಾಸಿದರು. ನೀರು ಏರಿದಾಗ ಅದೇ ಒಂದು ಜೆಟ್ಟಿ! ಆದರೂ ಅದರ ತುದಿಗೆ ಬಂದು ನಿಲ್ಲೋಕೆ ಕಡಿಮೆ ನೀರಿನಲ್ಲಿ ತೇಲುವ ದೋಣಿಗಳೇ ಬೇಕಿದ್ದವು. ಒಂದು ಮೀಟರ್ ನೀರು ಸಾಕು ಅನ್ನುವ ನದಿ ದೋಣಿಗಳಿಗೆ ಬೆಲೆ ಬಂದಿದ್ದು ಇಲ್ಲಿ. ಜೊತೆಗೆ ಮರದ ದೋಣಿಗಳಿಗೆ ಮ್ಯಾಗ್ನೆಟಿಕ್ ಮೈನ್‌ಗಳ ಅಪಾಯವೂ ಉಕ್ಕಿನ ಹಡಗುಗಳಿಗಿಂತ ಕಡಿಮೆ.

ಈ ದೋಣಿಗಳ ಪಟ್ಟಿ ಮಾಡುವ ಕೆಲಸ ಮೊದಲೇ ಶುರುವಾಗಿತ್ತು. ಮೇ 14ರಂದೇ ಬಿಬಿಸಿ ರೇಡಿಯೊದಲ್ಲಿ ಒಂದು ಪ್ರಕಟಣೆ ಬಂದಿತ್ತು: 30ರಿಂದ 100 ಅಡಿ ಉದ್ದದ, ಎಂಜಿನ್ ಇರುವ ವಿಹಾರ ದೋಣಿಗಳ ಮಾಲೀಕರು 14 ದಿನದೊಳಗೆ ನೌಕಾ ಇಲಾಖೆಗೆ ವಿವರ ಕಳಿಸಬೇಕು. ಟೆಡಿಂಗ್ಟನ್‌ನ ಟಫ್ ಬ್ರದರ್ಸ್ ಎಂಬ ದೋಣಿ ಕಾರ್ಖಾನೆಯವರು ಥೇಮ್ಸ್ ಉದ್ದಕ್ಕೂ ಹುಡುಕಿ ನೂರಕ್ಕೂ ಹೆಚ್ಚು ದೋಣಿ ಒಟ್ಟು ಮಾಡಿದರು. ಅವುಗಳಲ್ಲಿದ್ದ ಕುಷನ್, ಪಿಂಗಾಣಿ ಪಾತ್ರೆ ಎಲ್ಲ ಇಳಿಸಿ, ಶೀರ್ನೆಸ್‌ನಲ್ಲಿ ಎಂಜಿನ್ ನೋಡಿಸಿ, ರ‍್ಯಾಮ್ಸ್‌ಗೇಟ್ ಬಂದರಿನಿಂದ ಕಳಿಸಿದರು. ಅದುವರೆಗೆ ಸಮುದ್ರದ ಮುಖವನ್ನೇ ನೋಡದ ದೋಣಿಗಳೂ ಅದರಲ್ಲಿದ್ದವು.

ಸನ್‌ಡೌನರ್‌ನ ಲೆಕ್ಕಾಚಾರ

ಆ ದೋಣಿಗಳಲ್ಲಿ ಒಂದರ ಕಥೆ ಹೇಳಲೇಬೇಕು. 'ಸನ್‌ಡೌನರ್' ಎಂಬ 58 ಅಡಿಯ ಮೋಟಾರ್ ಯಾಚ್‌ನ ಮಾಲೀಕ ಚಾರ್ಲ್ಸ್ ಲೈಟೊಲರ್. ಟೈಟಾನಿಕ್ ಮುಳುಗಿದಾಗ ಅದರ ಸೆಕೆಂಡ್ ಆಫೀಸರ್ ಆಗಿದ್ದು ಬದುಕುಳಿದವರು ಇವರೇ. 1940ರಲ್ಲಿ ವಯಸ್ಸು 66. ದೋಣಿ ಕೊಡಿ ಅಂತ ನೌಕಾಪಡೆ ಕೇಳಿದಾಗ, ನನ್ನ ದೋಣಿ ನಾನೇ ಒಯ್ಯುತ್ತೇನೆ ಅಂತ ಹಟ ಹಿಡಿದರು. ಜೊತೆಗೆ ಮಗ ರೋಜರ್ ಮತ್ತು ಒಬ್ಬ ಹದಿಹರೆಯದ ಸೀ ಸ್ಕೌಟ್.

ಜೂನ್ 1ರಂದು ಆ ಮೂವರು ಸೇರಿ 130 ಜನರೊಂದಿಗೆ ದೋಣಿ ಮರಳಿತು. ಮೊದಲು ಕೆಳಗಿನ ಕ್ಯಾಬಿನ್‌ಗಳನ್ನು ಮೂಲೆ ಮೂಲೆಯೂ ಬಿಡದೆ ತುಂಬಿದರು, ಆಮೇಲೆ ಡೆಕ್. ಡೆಕ್ ಮೇಲೆ ತೂಕ ಏರಿದಂತೆ ಗುರುತ್ವ ಕೇಂದ್ರ ಮೇಲಕ್ಕೆ ಹೋಗುತ್ತೆ, ದೋಣಿ ಓಲಾಡೋಕೆ ಶುರುವಾಗುತ್ತೆ ಅಂತ ನಾವು ಪುಸ್ತಕದಲ್ಲಿ ಓದ್ತೀವಿ. ಲೈಟೊಲರ್‌ಗೆ ಅದು ಕಾಲಡಿಯಲ್ಲೇ ತಿಳಿಯಿತು. ಇನ್ನು ಸಾಕು ಅನ್ನಿಸಿದ ಕ್ಷಣ ನಿಲ್ಲಿಸಿಬಿಟ್ಟರು.

ವಾಪಸ್ ಬರುವಾಗ ವಿಮಾನಗಳು ಗುಂಡಿನ ಮಳೆ ಸುರಿಸಿದವು. ವಿಮಾನದ ಮೂತಿ ತಮ್ಮ ಕಡೆ ಪೂರ್ತಿ ತಿರುಗುವ ತನಕ ಕಾದು, ಕೊನೆಯ ಗಳಿಗೆಯಲ್ಲಿ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ತಪ್ಪಿಸಿಕೊಂಡರು. ಈ ಉಪಾಯವನ್ನು ಅವರು ಕಲಿತಿದ್ದು ಕಿರಿಯ ಮಗ ಬ್ರಯಾನ್‌ನಿಂದ. ಬಾಂಬರ್ ಪೈಲಟ್ ಆಗಿದ್ದ ಬ್ರಯಾನ್ ಯುದ್ಧ ಶುರುವಾದ ಮೊದಲ ದಿನಗಳಲ್ಲೇ ಸತ್ತಿದ್ದ. ಡಂಕರ್ಕ್‌ಗೆ ಜೊತೆಗೆ ಹೋಗಿದ್ದ ರೋಜರ್ ಕೂಡ 1945ರಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ ತೀರಿಕೊಂಡ. ದೋಣಿ ಮಾತ್ರ ಉಳಿಯಿತು.

ದಂತಕಥೆ ಮತ್ತು ಅಂಕಿ-ಅಂಶ

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 'ಸಾಮಾನ್ಯ ಜನ ತಮ್ಮ ತಮ್ಮ ದೋಣಿ ಏರಿ ಸೈನ್ಯವನ್ನೇ ಬಚಾವ್ ಮಾಡಿದರು' ಅನ್ನೋದು ಕೇಳೋಕೆ ಚೆಂದ. ಲೆಕ್ಕ ಬೇರೆ ಹೇಳುತ್ತದೆ. ಪಾರಾದವರಲ್ಲಿ 2,39,446 ಮಂದಿ ಹಡಗು ಹತ್ತಿದ್ದು ಬಂದರಿನಿಂದ, ಮುಖ್ಯವಾಗಿ ಅದರ ಪೂರ್ವದ ಉದ್ದನೆಯ ಅಲೆತಡೆ ಗೋಡೆಯಿಂದ. ಮರಳ ದಂಡೆಯಿಂದ ಹೋದವರು 98,780. ಅವರಲ್ಲೂ ಹೆಚ್ಚಿನವರನ್ನು ಸಣ್ಣ ದೋಣಿಗಳು ದಡದಿಂದ ದೊಡ್ಡ ಹಡಗಿನವರೆಗೆ ಮುಟ್ಟಿಸಿದವು ಅಷ್ಟೇ. ಕಡಲ್ಗಾಲುವೆ ದಾಟಿಸಿದ್ದು ಬಹುಪಾಲು ಡಿಸ್ಟ್ರಾಯರ್‌ಗಳು, ಮೈನ್‌ಸ್ವೀಪರ್‌ಗಳು, ಪ್ರಯಾಣಿಕ ಹಡಗುಗಳು. ಸಣ್ಣ ದೋಣಿಗಳನ್ನು ನಡೆಸಿದವರಲ್ಲೂ ನೌಕಾಪಡೆಯವರೇ ಜಾಸ್ತಿ, ಲೈಟೊಲರ್ ಥರ ಖುದ್ದು ಹೋದ ಮಾಲೀಕರು ಕಡಿಮೆ.

ಹಾಗಂತ ಪುಟ್ಟ ದೋಣಿಗಳ ಕೆಲಸ ಸಣ್ಣದಾಗಲ್ಲ. ದಡಕ್ಕೂ ಹಡಗಿಗೂ ನಡುವಿನ ಆ ಕೆಲವು ನೂರು ಮೀಟರ್ ದಾಟಿಸುವವರು ಇಲ್ಲದಿದ್ದರೆ ದಂಡೆಯಲ್ಲಿದ್ದವರಿಗೆ ಡಿಸ್ಟ್ರಾಯರ್ ಇದ್ದೂ ಇಲ್ಲದಂತೆ.

ಮತ್ತೆ ಅದೇ ದಾರಿಯಲ್ಲಿ

ಯುದ್ಧ ಮುಗಿದ ಮೇಲೆ ಉಳಿದ ದೋಣಿಗಳು ತಮ್ಮ ತಮ್ಮ ಪಾಡಿಗೆ ಹೋದವು. ಕೆಲವು ಮನೆದೋಣಿಯಾದವು, ಕೆಲವು ಕೆಸರಿನಲ್ಲಿ ಕೊಳೆತವು. 1965ರಲ್ಲಿ, 25ನೇ ವರ್ಷಕ್ಕೆ, ರೇಮಂಡ್ ಬ್ಯಾಕ್ಸ್ಟರ್ ಮುಂದೆ ಬಂದು 43 ದೋಣಿಗಳನ್ನು ಒಟ್ಟುಗೂಡಿಸಿ ಡಂಕರ್ಕ್‌ಗೆ ಹೋಗಿಬಂದರು. ಯುದ್ಧದಲ್ಲಿ ಸ್ಪಿಟ್‌ಫೈರ್ ಓಡಿಸಿದ್ದ ಇವರು ಬಿಬಿಸಿಯಲ್ಲಿ 'ಟುಮಾರೋಸ್ ವರ್ಲ್ಡ್' ಎಂಬ ತಂತ್ರಜ್ಞಾನ ಕಾರ್ಯಕ್ರಮದ ನಿರೂಪಕರು. ಅದರ ಬೆನ್ನಲ್ಲೇ 'ಅಸೋಸಿಯೇಷನ್ ಆಫ್ ಡಂಕರ್ಕ್ ಲಿಟಲ್ ಶಿಪ್ಸ್' ಹುಟ್ಟಿತು. 1940ರಲ್ಲಿ ಹೋಗಿತ್ತು ಎಂಬುದಕ್ಕೆ ಆಧಾರ ಇರುವ ದೋಣಿಗಳಿಗಷ್ಟೇ ಅಲ್ಲಿ ಜಾಗ. ಅವುಗಳ ಮೇಲೆ 'ಡಂಕರ್ಕ್ 1940' ಎಂಬ ಫಲಕ, ಬಿಳಿ ಬಟ್ಟೆಯ ಕೆಂಪು ಶಿಲುಬೆಯ ನಡುವೆ ಡಂಕರ್ಕ್ ನಗರದ ಲಾಂಛನ ಇರುವ ಬಾವುಟ.

2020ರ ಯಾನ ಕೋವಿಡ್‌ನಿಂದ ನಿಂತುಹೋಯ್ತು. 2025ರ ಮೇನಲ್ಲಿ, 85ನೇ ವರ್ಷಕ್ಕೆ, ದೋಣಿಗಳು ಮತ್ತೆ ರ‍್ಯಾಮ್ಸ್‌ಗೇಟ್‌ನಿಂದ ಹೊರಟವು. ಈಗ ಅದು ಜಗತ್ತಿನ ಅತ್ಯಂತ ಗಿಜಿಗುಡುವ ಜಲಮಾರ್ಗಗಳಲ್ಲೊಂದು. ದೊಡ್ಡ ಹಡಗುಗಳಿಗೆ ಹೋಗೋಕೊಂದು, ಬರೋಕೊಂದು ಲೇನ್ ಇದೆ. ಅಡ್ಡ ದಾಟುವವರು ಆದಷ್ಟೂ ಲಂಬಕೋನದಲ್ಲೇ ದಾಟಬೇಕು ಅಂತ ಅಂತರರಾಷ್ಟ್ರೀಯ ನಿಯಮ. ಕಂಟೇನರ್ ಹಡಗುಗಳ ಮಧ್ಯೆ ತೊಂಬತ್ತು ದಾಟಿದ ಮರದ ದೋಣಿಗಳನ್ನು ಊಹಿಸಿಕೊಳ್ಳಿ. ಅದಕ್ಕೇ ಜೊತೆಗೆ ಬೆಂಗಾವಲು ಹಡಗು, ಲೈಫ್‌ಬೋಟ್‌ಗಳು ಹೋಗುತ್ತವೆ.

ಮಿಕ್ಕ ದಿನಗಳ ಕೆಲಸ

ಆ ಒಂದು ಯಾನ ಕೆಲವೇ ದಿನಗಳದ್ದು. ಮಿಕ್ಕ ವರ್ಷಗಳೆಲ್ಲ ರಿಪೇರಿಯದ್ದು. ಮರದ ಹಲಗೆಗಳ ಸಂದಿಗೆ ಹತ್ತಿ ಎಳೆ ತುಂಬಿ, ಮೇಲೆ ಪುಟ್ಟಿ ಮೆತ್ತುತ್ತಾರೆ. ದೋಣಿಯನ್ನು ತಿಂಗಳುಗಟ್ಟಲೆ ನೀರಿನಿಂದ ಮೇಲಿಟ್ಟರೆ ಮರ ಒಣಗಿ ಕುಗ್ಗಿ ಸಂದಿ ಬಿಡುತ್ತದೆ. ಮತ್ತೆ ನೀರಿಗಿಳಿಸಿದಾಗ ಮೊದಮೊದಲು ಸೋರುತ್ತದೆ, ಆಮೇಲೆ ಹಲಗೆ ನೀರು ಹೀರಿ ಉಬ್ಬಿ ತಾನೇ ಸಂದಿ ಮುಚ್ಚಿಕೊಳ್ಳುತ್ತದೆ. ಅಂದರೆ ಇಂಥ ದೋಣಿಯನ್ನು ಶೋಕೇಸಿನಲ್ಲಿಟ್ಟು ಕಾಪಾಡೋದಕ್ಕಿಂತ ಬಳಸುತ್ತ ಕಾಪಾಡೋದೇ ಅದರ ಮೈಗೆ ಒಳ್ಳೆಯದು.

ಬದಲಾಯಿಸುತ್ತ ಹೋದರೆ ಅದು ಹಳೆಯ ದೋಣಿಯೇ ಹೌದಾ ಅನ್ನೋ ಪ್ರಶ್ನೆಯೂ ಬರುತ್ತೆ. ಹಳೆಯ ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದಿದೆ, ಕೊಳೆತ ಹಲಗೆ ಹೋಗಿ ಹೊಸದು ಬಂದಿದೆ. 1924ರ 'ಮೆಡ್ವೇ ಕ್ವೀನ್' ಎಂಬ ವಿಹಾರದ ಪ್ಯಾಡಲ್ ಸ್ಟೀಮರ್ ನೋಡಿ. ಅದು ಡಂಕರ್ಕ್‌ಗೆ ಏಳು ಸಲ ಹೋಗಿ ಸುಮಾರು 7,000 ಜನರನ್ನು ತಂದಿತ್ತು. ಆಮೇಲೆ ಕ್ಲಬ್ ಆಯ್ತು, ಮುಳುಗಿತು, ಮೇಲೆತ್ತಿದರು. ಕೊನೆಗೆ ಅದರ ಒಡಲನ್ನೇ ಬ್ರಿಸ್ಟಲ್‌ನಲ್ಲಿ ಹೊಸದಾಗಿ, ವೆಲ್ಡಿಂಗ್ ಬದಲು ಹಳೆಯ ಪದ್ಧತಿಯಂತೆ ರಿವೆಟ್ ಹೊಡೆದೇ ಕಟ್ಟಿದರು. ಸ್ಟೀಮ್ ಎಂಜಿನ್ ಮಾತ್ರ ಹಳೆಯದೇ. ಉಕ್ಕಿನ ಜೊತೆಗೆ, ರಿವೆಟ್ ಹೊಡೆಯುವ ಕೈಚಳಕವೂ ಹೊಸಬರ ಕೈಗೆ ಬಂತು. ಇನ್ನೊಂದು ಕಡೆ, ಹದಿನೈದು ಅಡಿಯೂ ಇಲ್ಲದ 'ಟ್ಯಾಮ್‌ಜೈನ್' ಎಂಬ ಮೀನುಗಾರಿಕೆ ದೋಣಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅದರ ಹಲಗೆ ಹಳೆಯದೇ, ಆದರೆ ಅದು ಇನ್ನು ನೀರಿಗಿಳಿಯುವುದಿಲ್ಲ. ನಮಗೆ ಎರಡೂ ಬೇಕು ಅನ್ನಿಸುತ್ತೆ.

ದೋಣಿ ಹತ್ತದವರು

ದೋಣಿಗಳು ಪಾರಾದವರ ಕಥೆ ಹೇಳುತ್ತವೆ. ಹತ್ತಲಾಗದವರ ಕಥೆಗೆ ದೋಣಿ ಇಲ್ಲ. ಕೊನೆಯ ದಿನಗಳಲ್ಲಿ ಜರ್ಮನ್ನರನ್ನು ತಡೆದು ನಿಂತವರು ಹೆಚ್ಚಾಗಿ ಫ್ರೆಂಚ್ ಸೈನಿಕರು. ಜೂನ್ 4ರಂದು ಅವರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು. ಡಂಕರ್ಕ್ ಊರು ಪೂರ್ತಿ ಬಿಡುಗಡೆ ಆಗಿದ್ದು 1945ರ ಮೇ ತಿಂಗಳಲ್ಲಿ.

ಅಲ್ಲಿ ಭಾರತೀಯರೂ ಇದ್ದರು. 'ಫೋರ್ಸ್ ಕೆ6' ಎಂಬ ಹೆಸರಿನಲ್ಲಿ ಇಂಡಿಯನ್ ಆರ್ಮಿ ಸರ್ವೀಸ್ ಕೋರ್‌ನ ನಾಲ್ಕು ಹೇಸರಗತ್ತೆ ತುಕಡಿಗಳು 1939ರ ಡಿಸೆಂಬರ್‌ನಲ್ಲೇ ಮಾರ್ಸೇ ಬಂದರಿಗೆ ಬಂದಿಳಿದಿದ್ದವು. ಬಹುಪಾಲು ಪಂಜಾಬಿನ ಮುಸ್ಲಿಂ ಸೈನಿಕರು. ಹೇಸರಗತ್ತೆಗಳನ್ನು ಅಲ್ಲೇ ಬಿಟ್ಟು ಕೆಲವರು ಡಂಕರ್ಕ್‌ನಿಂದ ಪಾರಾದರು. ಒಂದು ತುಕಡಿ ಜರ್ಮನ್ನರ ಕೈಗೆ ಸಿಕ್ಕಿತು. ನೋಲನ್ ಸಿನಿಮಾದಲ್ಲಿ ಇವರು ಕಾಣಿಸಲಿಲ್ಲ ಅಂತ ಆಗಲೇ ಚರ್ಚೆಯಾಗಿತ್ತು.

1940ರಲ್ಲಿ ಆ ದಂಡೆಯ ಮೇಲೆ ನಿಂತಿದ್ದವರು ಈಗ ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ. ಇನ್ನು ಮುಂದೆ ಸಾಕ್ಷಿ ಹೇಳೋದು ಕಾಗದ ಮತ್ತು ಮರ. ವಾಡಿಕೆಯಂತೆ ನಡೆದರೆ ಮುಂದಿನ ಯಾನ 2030ಕ್ಕೆ. ಅಲ್ಲಿಯವರೆಗೆ ಆ ದೋಣಿಗಳ ಪಂಪ್ ಓಡಬೇಕು, ಸಂದಿಗಳಿಗೆ ಹತ್ತಿ ತುಂಬಬೇಕು. ಪಕ್ಕದಲ್ಲಿ ಕೂತ ಮೊಮ್ಮಕ್ಕಳು ಆ ಫಲಕ ಏನು ಅಂತ ಕೇಳಿದಾಗ, ಹತ್ತಿದವರ ಜೊತೆಗೆ ಹತ್ತದವರ ಹೆಸರೂ ಹೇಳಬೇಕು.