ವಸಡಿನ ಕಸಿಯ ಬಣ್ಣದ ಛಾಯಾಚಿತ್ರ ಮಾಪನ

ವಸಡಿನ ಕಸಿಯ ಬಣ್ಣದ ಛಾಯಾಚಿತ್ರ ಮಾಪನ ಎಂಬುದು ಕಸಿ ಮಾಡಿದ ವಸಡಿನ ಬಣ್ಣವು ಅದರ ಪಕ್ಕದ ಸಹಜ ವಸಡಿನ ಬಣ್ಣಕ್ಕೆ ಎಷ್ಟರ ಮಟ್ಟಿಗೆ ಹೊಂದಿಕೆಯಾಗಿದೆ ಎಂಬುದನ್ನು ಡಿಜಿಟಲ್ ಛಾಯಾಚಿತ್ರದ ಮೂಲಕ ಸಂಖ್ಯೆಗಳಲ್ಲಿ ಅಳೆಯುವ ವಿಧಾನ. ವಸಡು ಮತ್ತು ಹಲ್ಲಿನ ಆಧಾರ ಅಂಗಾಂಶಗಳನ್ನು ಅಧ್ಯಯನ ಮಾಡುವ ಪೆರಿಯೊಡಾಂಟಾಲಜಿ ಶಾಖೆಯಲ್ಲಿ ಇದು ಬಳಕೆಯಲ್ಲಿದೆ. ವಸಡು ನಸುಗೆಂಪಾಗಿರುವವರಲ್ಲಿ ಸಣ್ಣದಾಗಿ ತೋರುವ ಬಣ್ಣದ ವ್ಯತ್ಯಾಸವು ಕಂದು ವಸಡಿನವರಲ್ಲಿ ನಗುವಾಗ ಎದ್ದು ಕಾಣುವ ಬಿಳಿಚಿದ ತೇಪೆಯಾಗಬಹುದು. ಆದುದರಿಂದ ಕಂದು ವಸಡು ಸಾಮಾನ್ಯವಾಗಿರುವ ಕರ್ನಾಟಕದಲ್ಲಿ ಈ ಅಳತೆಗೆ ವಿಶೇಷ ಮಹತ್ವವಿದೆ.

ಕಸಿಯ ಹಿನ್ನೆಲೆ

ಗಡಸು ಬ್ರಶ್‌ನಿಂದ ಬಲವಾಗಿ ಉಜ್ಜುವುದು, ವಸಡಿನ ರೋಗ, ಹಲ್ಲುಗಳ ವಕ್ರ ಜೋಡಣೆ ಮೊದಲಾದ ಕಾರಣಗಳಿಂದ ವಸಡು ಹಿಂದೆ ಸರಿದು ಹಲ್ಲಿನ ಬೇರು ಹೊರಗೆ ಕಾಣತೊಡಗುತ್ತದೆ. ಬೇರನ್ನು ಮತ್ತೆ ಮುಚ್ಚಲು ಅಥವಾ ವಸಡನ್ನು ದಪ್ಪಗೊಳಿಸಲು ಸಾಮಾನ್ಯವಾಗಿ ರೋಗಿಯ ಅಂಗುಳಿನಿಂದಲೇ ಅಂಗಾಂಶವನ್ನು ತೆಗೆದು ಕಸಿ ಮಾಡಲಾಗುತ್ತದೆ. ಅಂಗುಳಿನ ಮೇಲ್ಪೊರೆಯನ್ನೂ ಸೇರಿಸಿ ತೆಗೆದು ಕೂರಿಸುವುದು ಸ್ವತಂತ್ರ ವಸಡಿನ ಕಸಿ. ಇದು 1960ರ ದಶಕದಲ್ಲಿ ಪ್ರಚಾರಕ್ಕೆ ಬಂದಿತು. ಮೇಲ್ಪೊರೆಯ ಅಡಿಯ ಸಂಯೋಜಕ ಅಂಗಾಂಶವನ್ನು ಮಾತ್ರ ತೆಗೆದು, ಅದನ್ನು ಸ್ಥಳೀಯ ವಸಡಿನ ಪದರದ ಕೆಳಗೆ ಇಡುವ ಕ್ರಮವನ್ನು ಬೇರು ಮುಚ್ಚುವುದಕ್ಕಾಗಿ ಲ್ಯಾಂಗರ್ ಮತ್ತು ಲ್ಯಾಂಗರ್ 1985ರಲ್ಲಿ ವಿವರಿಸಿದರು.

ಬಣ್ಣದ ದೃಷ್ಟಿಯಿಂದ ಇವೆರಡರ ನಡುವಿನ ಅಂತರ ದೊಡ್ಡದು. ಮೊದಲನೆಯದರಲ್ಲಿ ಅಂಗುಳಿನ ಗುಣವನ್ನು ಹೊತ್ತ ಮೇಲ್ಮೈಯೇ ಹೊರಗೆ ಕಾಣುತ್ತದೆ. ವರ್ಷಗಳಾದರೂ ಅದು ಸುತ್ತಲಿನ ವಸಡಿಗಿಂತ ಬಿಳಿಚಿಕೊಂಡಿರುವುದು ಸಾಮಾನ್ಯ. ಎರಡನೆಯದರಲ್ಲಿ ಹೊರಗೆ ಕಾಣುವುದು ಬಹುಪಾಲು ಸ್ಥಳೀಯ ವಸಡೇ ಆದ್ದರಿಂದ ಹೊಂದಿಕೆ ಉತ್ತಮ. ಮುಂಭಾಗದ ಹಲ್ಲುಗಳಿಗೆ ಎರಡನೆಯ ವಿಧಾನವನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ.

ವಸಡಿನ ಬಣ್ಣ ಮತ್ತು ಮಾಯುವಿಕೆ

ಲೋಮನಾಳಗಳಲ್ಲಿನ ರಕ್ತ, ಮೇಲ್ಪೊರೆಯ ದಪ್ಪ, ಅದರ ಕೆರಾಟಿನ್ ಪದರ ಹಾಗೂ ಮೆಲನಿನ್ ವರ್ಣದ್ರವ್ಯ, ಇವು ವಸಡಿನ ಬಣ್ಣವನ್ನು ನಿರ್ಧರಿಸುತ್ತವೆ. ಕಸಿಯ ಬಣ್ಣ ವಾರದಿಂದ ವಾರಕ್ಕೆ ಬದಲಾಗುತ್ತದೆ. ಮೊದಲ ಎರಡು ಮೂರು ದಿನ ಕಸಿಯು ಕೆಳಗಿನ ಅಂಗಾಂಶದಿಂದ ಒಸರುವ ದ್ರವದಿಂದಲೇ ಬದುಕಿರುವುದರಿಂದ ಬೂದು ಮಿಶ್ರಿತ ಬಿಳಿ ಬಣ್ಣದಲ್ಲಿರುತ್ತದೆ. ಬಳಿಕ ಸುಮಾರು 11ನೇ ದಿನದವರೆಗೆ ಹೊಸ ರಕ್ತನಾಳಗಳು ಒಳಹೊಕ್ಕು ಕೆಂಪೇರುತ್ತದೆ. ಮುಂದೆ ಸುಮಾರು 6 ವಾರಗಳವರೆಗೆ ರಕ್ತನಾಳಗಳ ಸಂಖ್ಯೆ ಸಹಜ ಮಟ್ಟಕ್ಕಿಳಿದು, ಮೇಲ್ಪೊರೆ ಬಲಿಯುತ್ತದೆ. ಆರಂಭದ ವಾರಗಳ ಬಿಳಿ ಅಥವಾ ಕೆಂಪನ್ನು ಅಂತಿಮ ಬಣ್ಣವೆಂದು ಎಣಿಸುವುದು ತಪ್ಪಾಗುತ್ತದೆ. ಅಂತಿಮ ಹೊಂದಿಕೆಯನ್ನು ತಿಂಗಳುಗಳ ನಂತರವೇ ಅಳೆಯಬೇಕು.

ಕಣ್ಣಿನ ಅಂದಾಜಿನಿಂದ ಸಂಖ್ಯೆಗೆ

ಬೇರು ಮುಚ್ಚುವ ಚಿಕಿತ್ಸೆಯ ಸೌಂದರ್ಯವನ್ನು ಅಳೆಯಲು ಕೈರೋ ಮತ್ತು ಸಂಗಡಿಗರು 2009ರಲ್ಲಿ ರೂಪಿಸಿದ ಅಂಕಪದ್ಧತಿಯಲ್ಲಿ ಒಟ್ಟು 10 ಅಂಕಗಳಿವೆ. ಅದರಲ್ಲಿ 6 ಅಂಕಗಳು ವಸಡಿನ ಅಂಚಿನ ಮಟ್ಟಕ್ಕೆ. ಬಣ್ಣಕ್ಕೆ 1 ಅಂಕ ಮಾತ್ರ. ಹೊಂದಿದೆ ಅಥವಾ ಹೊಂದಿಲ್ಲ ಎಂಬ ಎರಡೇ ಉತ್ತರಗಳಿಗೆ ಅಲ್ಲಿ ಅವಕಾಶ. ನೋಡುವವರು ಬದಲಾದರೆ ಉತ್ತರವೂ ಬದಲಾಗಬಹುದು. ಈ ಕೊರತೆಯನ್ನು ತುಂಬಲು ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1976ರಲ್ಲಿ ಅಂಗೀಕರಿಸಿದ ಲ್ಯಾಬ್ ವರ್ಣಕ್ರಮವನ್ನು ಬಳಸಲಾಗುತ್ತದೆ. ಇದರಲ್ಲಿ ಪ್ರತಿ ಬಣ್ಣಕ್ಕೂ ಮೂರು ಸಂಖ್ಯೆಗಳು: ಎಲ್ ಎಂಬುದು 0ಯಿಂದ 100ರವರೆಗಿನ ಹೊಳಪು, ಎ ಎಂಬುದು ಹಸಿರಿನಿಂದ ಕೆಂಪಿನೆಡೆಗಿನ ಸ್ಥಾನ, ಬಿ ಎಂಬುದು ನೀಲಿಯಿಂದ ಹಳದಿಯೆಡೆಗಿನ ಸ್ಥಾನ. ಎರಡು ಬಣ್ಣಗಳ ನಡುವಿನ ಈ ಮೂರೂ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ಬಂದ ಮೊತ್ತದ ವರ್ಗಮೂಲ ತೆಗೆದರೆ ಡೆಲ್ಟಾ ಇ ಎಂಬ ಒಟ್ಟು ವರ್ಣಾಂತರ ಸಿಗುತ್ತದೆ.

ಉದಾಹರಣೆಗೆ ಕಸಿಯ ಬೆಲೆಗಳು 58, 20, 15 ಮತ್ತು ಪಕ್ಕದ ವಸಡಿನವು 50, 24, 14 ಎಂದಿಟ್ಟುಕೊಂಡರೆ ವ್ಯತ್ಯಾಸಗಳು 8, 4, 1. ಅವುಗಳ ವರ್ಗಗಳ ಮೊತ್ತ 81, ವರ್ಣಾಂತರ 9. ಈ 9ರಲ್ಲಿ ಹೆಚ್ಚಿನ ಪಾಲು ಹೊಳಪಿನದು. ಅಂದರೆ ಕಸಿಯು ಪಕ್ಕದ ವಸಡಿಗಿಂತ ಮುಖ್ಯವಾಗಿ ಬಿಳಿಚಿದೆ, ಸ್ವಲ್ಪ ಮಟ್ಟಿಗೆ ಕೆಂಪೂ ಕಡಿಮೆ. ವರ್ಣಾಂತರವೊಂದನ್ನೇ ವರದಿ ಮಾಡಿ ಮೂಲದ ಮೂರು ಸಂಖ್ಯೆಗಳನ್ನು ಕೈಬಿಟ್ಟರೆ ಈ ಅರ್ಥ ಉಳಿಯುವುದಿಲ್ಲ.

ಛಾಯಾಚಿತ್ರ ತೆಗೆಯುವ ಕ್ರಮ

ಕ್ಯಾಮೆರಾ ದಾಖಲಿಸುವುದು ವಸಡಿನ ಮೇಲೆ ಬಿದ್ದ ಬೆಳಕು ಹಿಂದಿರುಗಿದ ಬಗೆಯನ್ನು. ಬೆಳಕು ಬದಲಾದರೆ ಅಳತೆಯೂ ಬದಲಾಗುತ್ತದೆ. ಆದ್ದರಿಂದ ಮ್ಯಾಕ್ರೊ ಲೆನ್ಸ್, ಲೆನ್ಸಿಗೆ ಅಳವಡಿಸಿದ ಉಂಗುರ ಫ್ಲ್ಯಾಶ್ ಅಥವಾ ಜೋಡಿ ಫ್ಲ್ಯಾಶ್ ಹಾಗೂ ಕೈಯಾರೆ ನಿಗದಿಪಡಿಸಿದ ಒಂದೇ ಬಗೆಯ ಹೊಂದಾಣಿಕೆಗಳನ್ನು ಪ್ರತಿ ಭೇಟಿಯಲ್ಲೂ ಬಳಸಬೇಕು. ದೂರ, ಕೋನಗಳೂ ಬದಲಾಗಬಾರದು. ಚಿತ್ರವನ್ನು ರಾ ಕಡತವಾಗಿ ಉಳಿಸಿಕೊಳ್ಳುವುದು ಉತ್ತಮ. ಚೌಕಟ್ಟಿನೊಳಗೆ ಬಣ್ಣದ ಬೆಲೆ ಮೊದಲೇ ತಿಳಿದಿರುವ ತಟಸ್ಥ ಬೂದು ಕಾರ್ಡನ್ನು ಇಟ್ಟು, ನಂತರ ಗಣಕದಲ್ಲಿ ಅದರ ಆಧಾರದ ಮೇಲೆ ಬಿಳಿಯ ಸಮತೋಲನವನ್ನೂ ಪ್ರಕಾಶವನ್ನೂ ಸರಿಪಡಿಸಲಾಗುತ್ತದೆ.

ಒದ್ದೆ ವಸಡಿನ ಮೇಲೆ ಫ್ಲ್ಯಾಶಿನ ಪ್ರತಿಫಲನ ಬಿಳಿ ಚುಕ್ಕೆಗಳಾಗಿ ಬೀಳುತ್ತದೆ; ಇವು ಎಲ್ ಬೆಲೆಯನ್ನು ಸುಳ್ಳಾಗಿ ಏರಿಸುತ್ತವೆ. ಫ್ಲ್ಯಾಶ್ ಮತ್ತು ಲೆನ್ಸಿನ ಮುಂದೆ ಒಂದಕ್ಕೊಂದು ಲಂಬವಾಗಿ ಪೋಲರೈಸಿಂಗ್ ಫಿಲ್ಟರ್‌ಗಳನ್ನು ಇಟ್ಟರೆ ಈ ಹೊಳಪು ಬಹುಮಟ್ಟಿಗೆ ಅಳಿಯುತ್ತದೆ. ಫಿಲ್ಟರ್ ಇಲ್ಲದಿದ್ದಲ್ಲಿ ಅಳೆಯುವ ಭಾಗದಿಂದ ಚುಕ್ಕೆಗಳನ್ನು ಹೊರಗಿಡಬೇಕು.

ಕ್ಯಾಮೆರಾಕ್ಕೆ ಸಂಬಂಧಿಸದ ಒಂದೆರಡು ತಪ್ಪುಗಳು ಇನ್ನೂ ಹೆಚ್ಚು ಕೆಡುಕು ಮಾಡುತ್ತವೆ. ತುಟಿ ಸರಿಸುವ ಪ್ಲಾಸ್ಟಿಕ್ ಸಾಧನವನ್ನು ಬಿಗಿಯಾಗಿ ಎಳೆದರೆ ವಸಡಿನ ರಕ್ತ ಹಿಂಜರಿದು ಬಣ್ಣ ಕ್ಷಣಾರ್ಧದಲ್ಲಿ ಬಿಳಿಚುತ್ತದೆ. ಅಡ್ರಿನಲಿನ್ ಬೆರೆತ ಅರಿವಳಿಕೆ ಚುಚ್ಚುಮದ್ದಿನ ನಂತರವೂ ಹೀಗೆಯೇ. ಆದ್ದರಿಂದ ಚಿತ್ರವನ್ನು ಚುಚ್ಚುಮದ್ದಿಗೆ ಮೊದಲೇ, ಹಲ್ಲು ಸ್ವಚ್ಛಗೊಳಿಸುವ ಕೆಲಸಕ್ಕೂ ಮೊದಲೇ ತೆಗೆಯಬೇಕು. ಮೊಬೈಲ್ ಕ್ಯಾಮೆರಾಗಳು ಬಿಳಿಯ ಸಮತೋಲನವನ್ನು ತಾವಾಗಿಯೇ ಬದಲಿಸುವುದರಿಂದ, ಬೂದು ಕಾರ್ಡಿಲ್ಲದ ಮೊಬೈಲ್ ಚಿತ್ರಗಳು ದಾಖಲೆಗೆ ಸಾಕು, ಅಳತೆಗೆ ಸಾಲವು.

ಸರಿಪಡಿಸಿದ ಚಿತ್ರದಲ್ಲಿ ಕಸಿಯ ಮೇಲೂ ಪಕ್ಕದ ವಸಡಿನ ಮೇಲೂ ಸಮಗಾತ್ರದ ಪ್ರದೇಶಗಳನ್ನು ಗುರುತಿಸಿ ಸರಾಸರಿ ಬೆಲೆ ಪಡೆಯಲಾಗುತ್ತದೆ. ಅಡೋಬಿ ಫೋಟೋಶಾಪ್ ಮತ್ತು ಉಚಿತವಾಗಿ ದೊರೆಯುವ ಇಮೇಜ್‌ಜೆ ಈ ಕೆಲಸಕ್ಕೆ ಬಳಕೆಯಾಗುವ ತಂತ್ರಾಂಶಗಳು. ಹಲ್ಲಿನ ಬಣ್ಣಕ್ಕಾಗಿ ತಯಾರಿಸಿದ ಸ್ಪರ್ಶ ಮಾದರಿಯ ವರ್ಣಮಾಪಕಗಳು ವಸಡನ್ನು ಒತ್ತುವುದರಿಂದ ಬಣ್ಣವನ್ನೇ ಬದಲಿಸಬಲ್ಲವು. ವಸಡನ್ನು ಮುಟ್ಟದೆಯೇ ಅಳೆಯಬಹುದಾದ್ದು ಛಾಯಾಚಿತ್ರದ ಅನುಕೂಲ.

ಕಂದು ವಸಡು ಮತ್ತು ಉತ್ತರ ಬೆಂಗಳೂರು

ಉತ್ತರ ಬೆಂಗಳೂರಿನಲ್ಲಿ ದಂತವೈದ್ಯ ಶಿಕ್ಷಣದ ಹಲವು ಕೇಂದ್ರಗಳಿವೆ. ಯಲಹಂಕದಾಚೆಯ ಹುಣಸಮಾರನಹಳ್ಳಿಯಲ್ಲಿ ಕೃಷ್ಣದೇವರಾಯ ದಂತ ವಿಜ್ಞಾನ ಕಾಲೇಜು, ಹೆಬ್ಬಾಳ ಹಾಗೂ ಆರ್.ಟಿ. ನಗರಕ್ಕೆ ಸಮೀಪದ ಚೋಳನಗರದಲ್ಲಿ ಶ್ರೀ ರಾಜೀವ್ ಗಾಂಧಿ ದಂತ ವಿಜ್ಞಾನ ಕಾಲೇಜು, ಯಶವಂತಪುರಕ್ಕೆ ಹತ್ತಿರದ ಎಂ.ಎಸ್.ಆರ್. ನಗರದಲ್ಲಿ ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ದಂತ ವಿಜ್ಞಾನ ನಿಕಾಯ ಇವೆ. ಮೂರು ವರ್ಷಗಳ ಎಂಡಿಎಸ್ ವ್ಯಾಸಂಗದಲ್ಲಿ ಸಂಶೋಧನಾ ಪ್ರಬಂಧವೂ ಸೇರಿರುವುದರಿಂದ, ದುಬಾರಿ ಉಪಕರಣ ಬೇಡದ ಈ ಮಾಪನವು ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಗೆಟುಕುವಂಥದ್ದು.

ಇಂಥ ಕೇಂದ್ರಗಳಿಗೆ ಬರುವ ರೋಗಿಗಳಲ್ಲಿ ಮೆಲನಿನ್‌ನಿಂದ ಕಂದಾದ ವಸಡು ಸಾಮಾನ್ಯ. ಇದು ರೋಗವಲ್ಲ. ಧೂಮಪಾನದಿಂದ ಈ ಬಣ್ಣ ಹೆಚ್ಚಬಹುದು. ಅಳತೆಯಲ್ಲಿನ ತೊಡಕೆಂದರೆ ಮೆಲನಿನ್ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಒಂದು ಹಲ್ಲಿನ ಮೇಲೆ ಕಪ್ಪು ಪಟ್ಟಿ, ಪಕ್ಕದ ಹಲ್ಲಿನ ಮೇಲೆ ನಸುಗೆಂಪು, ಹೀಗೆ ಒಂದೇ ಬಾಯಲ್ಲಿ ಹಲವು ಬಣ್ಣಗಳಿರುತ್ತವೆ. ಹೋಲಿಕೆಗೆ ಕಪ್ಪು ಪಟ್ಟಿಯನ್ನು ಆರಿಸಿದರೆ ವರ್ಣಾಂತರ ದೊಡ್ಡದಾಗುತ್ತದೆ, ನಸುಗೆಂಪು ಭಾಗವನ್ನು ಆರಿಸಿದರೆ ಅದೇ ಕಸಿ ಯಶಸ್ವಿಯಾಗಿ ತೋರುತ್ತದೆ. ಹೋಲಿಕೆಯ ಜಾಗವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ನಿಗದಿಪಡಿಸಿ ದಾಖಲಿಸದಿದ್ದರೆ ಫಲಿತಾಂಶವನ್ನು ಬೇಕಾದ ಕಡೆಗೆ ಬಾಗಿಸುವುದು ಸುಲಭ. ಕಂದು ಬಣ್ಣವನ್ನು ಮರೆಮಾಡಲೆಂದೇ ಅಂಗುಳಿನ ಬಿಳಿಚಿದ ಕಸಿಯನ್ನು ಬಳಸಿದ ಉದಾಹರಣೆಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ಅಲ್ಲಿ ದೊಡ್ಡ ವರ್ಣಾಂತರವೇ ಚಿಕಿತ್ಸೆಯ ಗುರಿ.

ಮಿತಿಗಳು

ಎಷ್ಟು ವರ್ಣಾಂತರವನ್ನು ಒಪ್ಪಬಹುದು ಎಂಬುದಕ್ಕೆ ದಂತ ಅಧ್ಯಯನಗಳಲ್ಲಿ 3.7 ಎಂಬ ಸಂಖ್ಯೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಅದು ಹಲ್ಲಿನ ಬಣ್ಣದ ಹೋಲಿಕೆಯ ಕುರಿತು 1989ರಲ್ಲಿ ಪ್ರಕಟವಾದ ಅಧ್ಯಯನದಿಂದ ಬಂದದ್ದು. ಅದನ್ನು ವಸಡಿಗೆ, ಅದರಲ್ಲೂ ಕಂದು ವಸಡಿಗೆ, ನೇರವಾಗಿ ಅನ್ವಯಿಸುವುದು ಸರಿಯೆನಿಸದು. ಸರಾಸರಿ ಬೆಲೆಯು ಕಸಿಯೊಳಗಿನ ಕಲೆಗಳನ್ನು ಮರೆಸುತ್ತದೆ. ಕಸಿಯ ಉಬ್ಬು, ಅಂಚಿನ ಗೆರೆ, ಮೇಲ್ಮೈಯ ಒರಟುತನ ಕೂಡ ಕಣ್ಣಿಗೆ ಬೀಳುವಂಥವು, ಆದರೆ ಈ ಅಳತೆಯ ವ್ಯಾಪ್ತಿಗೆ ಬರುವುದಿಲ್ಲ. ತುಟಿ ಕೆಳಗಿರುವ ರೋಗಿಯಲ್ಲಿ 9ರ ವರ್ಣಾಂತರ ಯಾರಿಗೂ ಕಾಣದಿರಬಹುದು. ನಗುವಾಗ ವಸಡು ಪೂರ್ತಿ ತೋರುವವರಿಗೆ ಅದರ ಅರ್ಧವೂ ಮುಜುಗರ ತರಬಹುದು. ಹಾಗಾಗಿ ಸಂಖ್ಯೆಯ ಜೊತೆಗೆ ರೋಗಿಯ ಅಭಿಪ್ರಾಯವನ್ನೂ ಪ್ರತ್ಯೇಕವಾಗಿ ದಾಖಲಿಸಬೇಕಾಗುತ್ತದೆ.